ಎಡಗೈಯಲ್ಲಿ ನುಡಿಸುವವನ ಅಂಗಿ

ಕೋಟಿನ ಜೇಬು ಎದೆಯ ತಪ್ಪು ಬದಿಗಿತ್ತು. ಟೀ ಶರ್ಟುಗಳನ್ನು ಮಡಿಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದವಳು ಅದನ್ನು ನೋಡಿ ಕೈ ನಿಲ್ಲಿಸಿದೆ. ಕಪ್ಪು ಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಅಚ್ಚಾಗಿದ್ದ ಮನುಷ್ಯ ಟೊಪ್ಪಿಗೆ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಗಿಟಾರ್ ಹಿಡಿದು ಕುಳಿತಿದ್ದ. ಜೇಬಿನಿಂದ ಕರವಸ್ತ್ರದ ತುದಿ ಇಣುಕುತ್ತಿತ್ತು. ಆದರೆ ಆ ಜೇಬು ಅವನ ಬಲ ಎದೆಯ ಮೇಲಿತ್ತು. ಗುಂಡಿಗಳನ್ನು ನೋಡಿದೆ. ಬಲಗಡೆಯ ಪಟ್ಟಿ ಎಡಗಡೆಯದರ ಮೇಲೆ ಬಂದಿತ್ತು. ಗಂಡಸರ ಕೋಟನ್ನು ಯಾರೂ ಹಾಗೆ ಹೊಲಿಯುವುದಿಲ್ಲ. ಮದುವೆಗೆ ಮೊದಲು ನಾನು ಗಡಹಿಂಗ್ಲಜದ ಒಂದು ಟೇಲರ್ ಅಂಗಡಿಯಲ್ಲಿ ಕೂತು ಮದುಮಕ್ಕಳ ಕೋಟುಗಳಿಗೆ ಕಾಜಾ ಹೊಲಿಯುತ್ತಿದ್ದೆ. ಆ ಒಂದು ವಿಷಯದಲ್ಲಿ ನನಗೆ ಟೋಪಿ ಹಾಕುವುದು ಕಷ್ಟ.

ಫೋನಿನಲ್ಲಿದ್ದ ಮೂಲ ಫೋಟೋ ತೆಗೆದು ಪಕ್ಕಕ್ಕಿಟ್ಟೆ. ಫೋಟೋದಲ್ಲಿ ಜೇಬು ಎಡ ಎದೆಯ ಮೇಲಿತ್ತು, ಗುಂಡಿ ಸರಿಯಾಗಿತ್ತು, ಮತ್ತು ಮನುಷ್ಯ ಗಿಟಾರ್ ತಂತಿಗಳನ್ನು ಎಡಗೈಯಿಂದ ಮೀಟುತ್ತಿದ್ದ. ನಮ್ಮ ಶರ್ಟಿನ ಮೇಲೆ ಅವನು ಬಲಗೈಯವನಾಗಿಬಿಟ್ಟಿದ್ದ. ಮೇಜಿನ ಮೇಲೆ, ಹಗ್ಗದ ಮೇಲೆ, ನೆಲದ ಹಾಸಿನ ಮೇಲೆ, ಶೆಡ್ಡಿನ ತುಂಬ ಒಣಗುತ್ತಿದ್ದ ಶರ್ಟುಗಳಲ್ಲೆಲ್ಲ ಅವನು ಬಲಗೈಯಲ್ಲೇ ನುಡಿಸುತ್ತಿದ್ದ.

ಶೆಡ್ಡು ಇರುವುದು ಇಚಲಕರಂಜಿಯ ಪಕ್ಕದ ಯಡ್ರಾವದಲ್ಲಿ. ಸುತ್ತ ಮಗ್ಗಗಳು ಬಡಿದುಕೊಳ್ಳುತ್ತಿರುತ್ತವೆ, ನಾವು ಒಳಗೆ ಬಟ್ಟೆಗೆ ಅಚ್ಚು ಹಾಕುತ್ತೇವೆ. ಗಣೇಶ ಮಂಡಳಿಗಳ ಶರ್ಟು, ಚುನಾವಣೆಯ ಚಿಹ್ನೆ, ಮದುವೆಯ ಕೈಚೀಲ, ಇಂಥವೇ ನಮ್ಮ ದಿನದ ಅನ್ನ. ಅಚ್ಚು ಹಾಕಿದ್ದನ್ನು ಕಣ್ಣಿಟ್ಟು ನೋಡಿ ಪಾಸು ಮಾಡುವುದು ನನ್ನ ಕೆಲಸ. ಈ ಸಲದ ಆರ್ಡರು ಕೊಟ್ಟವರು ಕೊಲ್ಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಜೈನರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಅಜ್ಜನ ಕಾಲದಿಂದ ಧೋತರದ ವ್ಯಾಪಾರ. ಇವರಿಗೆ ಮಾತ್ರ ಬ್ಲೂಸ್ ಹಾಡಿನ ಹುಚ್ಚು ಹಿಡಿದಿತ್ತು. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದ ಕರಿಯ ಜನ ನೂರು ವರ್ಷದ ಹಿಂದೆ ಹಾಡುತ್ತಿದ್ದ ಹಾಡುಗಳಂತೆ. ಆ ಮೊದಲ ಕಾಲದ ಹಾಡುಗಾರರ ಚಿತ್ರಗಳನ್ನು ಶರ್ಟಿನ ಮೇಲೆ ಹಾಕಿ ಜನ ಎದೆಯ ಮೇಲೆ ಹೊತ್ತು ತಿರುಗಬೇಕು ಅನ್ನುವುದು ಅವರ ಆಸೆ. ಶೆಡ್ಡಿಗೆ ಬಂದ ದಿನ ಫೋನಿನಲ್ಲಿ ಒಂದು ಹಾಡು ಕೇಳಿಸಿದರು. ಗರಗರ ಸದ್ದಿನ ನಡುವೆ ಒಂದು ಗಂಡು ದನಿ ಯಾರ ಮೇಲೋ ದೂರು ಹೇಳುತ್ತಿತ್ತು. ಒಂದು ಸಾಲು ಹೇಳುವುದು, ಮತ್ತೆ ಅದನ್ನೇ ಹೇಳುವುದು. ನನಗೆ ಒಂದು ಮಾತೂ ತಿಳಿಯಲಿಲ್ಲ, ಆದರೆ ಆ ದೂರು ಸುಳ್ಳಲ್ಲ ಅನ್ನಿಸಿತು.

ಆ ಹಾಡುಗಾರರ ಬಟ್ಟೆ ನನಗೆ ಇನ್ನೂ ಹೆಚ್ಚು ಹಿಡಿಸಿತ್ತು. ಎಲ್ಲರೂ ಕೋಟು, ಟೈ, ಟೊಪ್ಪಿಗೆ. ಹೆಂಗಸರಿಗೆ ಮಣಿಸರ. ಹೊಲದಲ್ಲಿ ದುಡಿದವರು ಫೋಟೋಗೆ ಕೂತಾಗ ಹೊಲದ ಗುರುತು ಮೈಮೇಲೆ ಉಳಿಯದ ಹಾಗೆ ನೋಡಿಕೊಂಡಿದ್ದರು. ಎಡಗೈಯವನ ಕೋಟು ಅವನದಲ್ಲ ಅಂತ ನನಗೆ ಮೊದಲೇ ಗುಮಾನಿ. ಭುಜದ ಹೊಲಿಗೆ ತೋಳಿನ ಕಡೆಗೆ ಜಾರಿತ್ತು, ತೋಳು ಗಿಡ್ಡವಾಗಿತ್ತು. ಕಡ ತಂದ ಕೋಟಿನಲ್ಲಿ ಅಷ್ಟು ಗತ್ತಿನಿಂದ ಕೂರುವುದು ಎಲ್ಲರಿಗೂ ಆಗುವುದಿಲ್ಲ.

ಅವತ್ತು ಶುಕ್ರವಾರ. ನನ್ನ ತಲೆ ಬೆಳಗಿನಿಂದಲೇ ಬೇರೆ ಕಾರಣಕ್ಕೆ ಕಾದಿತ್ತು. ನನ್ನ ಮಗಳಿಗೆ ಏಳು ವರ್ಷ. ಅವಳದೂ ಎಡಗೈ. ಬರೆಯುವುದು, ಉಣ್ಣುವುದು, ಕಲ್ಲು ಎಸೆಯುವುದು, ನನ್ನ ಕೆನ್ನೆ ಹಿಡಿಯುವುದು, ಎಲ್ಲ ಎಡಗೈಯಲ್ಲೇ. ಬೇಸಿಗೆ ರಜೆಗೆಂದು ಅವಳನ್ನು ಮಹಾಗಾಂವದಲ್ಲಿ ಅತ್ತೆಯ ಹತ್ತಿರ ಬಿಟ್ಟಿದ್ದೆವು. ನನ್ನ ಗಂಡನ ಮನೆಯವರು ಕುರಿ ಸಾಕುವವರು. ಉಣ್ಣೆ ಕತ್ತರಿಸಿ ಮುಗಿದ ಮೇಲೆ, ಮಳೆಗೆ ಮೊದಲು, ಪ್ರತಿ ವರ್ಷ ಕುರಿಹಟ್ಟಿಯಲ್ಲಿ ಮನೆದೇವರ ಪೂಜೆ. ಆ ದಿನ ಮನೆಯ ಒಬ್ಬ ಹೆಣ್ಣುಮಗು ಭಂಡಾರದ, ಅಂದರೆ ದೇವರ ಅರಿಸಿನದ, ಮೊದಲ ಹಿಡಿಯನ್ನು ಕುರಿಗಳ ಮೇಲೆ ಹಾರಿಸಬೇಕು. ಆಮೇಲೆ ಗಂಡಸರು ‘ಚಾಂಗಭಲಂ’ ಎಂದು ಜಯಕಾರ ಕೂಗುತ್ತಾರೆ, ಆಮೇಲೆ ಉಳಿದವರು ಹಾರಿಸುತ್ತಾರೆ. ಮೊದಲ ಹಿಡಿ ಹೇಗೋ ವರ್ಷ ಹಾಗೆ ಎಂದು ಅವರ ನಂಬಿಕೆ. ಈ ವರ್ಷ ನನ್ನ ಮಗಳ ಪಾಳಿ, ಪೂಜೆ ಬರುವ ಭಾನುವಾರ.

ಅಂದು ಬೆಳಿಗ್ಗೆ ಫೋನು ಮಾಡಿದಾಗ ಮಗಳು ‘ಅವ್ವಾ’ ಅನ್ನುವುದಕ್ಕೆ ಒದ್ದಾಡಿದಳು. "ಅ... ಅ... ಅ..." ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಉಸಿರು ಎಳೆದುಕೊಂಡಳು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹುಡುಗಿ ಅವಳು. ಅತ್ತೆ ಫೋನು ಕಿತ್ತುಕೊಂಡರು.

"ಏನೂ ಆಗಿಲ್ಲ ಆಕಿಗೆ. ಎಡಗೈ ಕಟ್ಟೀನಿ, ಬಲಗೈ ರೂಢಿ ಆಗಾಕತ್ತದ. ಭಂಡಾರ ಹಾರಸೂದ್ರಾಗ ಸುದ್ದ ಆಗ್ತಾಳ ನೋಡು."

"ಕಟ್ಟೀರಿ ಅಂದ್ರ? ಯಾತಕ್ಕ ಕಟ್ಟೀರಿ?"

"ಮತ್ತ ಎಡಗೈಲೆ ದೇವರ ಭಂಡಾರ ಹಾರಸ್ತಾಳೇನು? ನಿಂದ ನೀ ಕೆಲಸಾ ಮಾಡು." ಫೋನು ಕಟ್ಟಾಯಿತು.

ಗಂಡನಿಗೆ ಹೇಳಿದೆ. ಮಗ್ಗ ರಿಪೇರಿ ಮಾಡುವ ಅವನಿಗೆ ಎಂಥ ಹಠಮಾರಿ ಮಗ್ಗವೂ ಬಗ್ಗುತ್ತದೆ, ತಾಯಿಯ ಹೆಸರು ತೆಗೆದರೆ ಮಾತ್ರ ಬೆವರುತ್ತಾನೆ. "ಅವ್ವನ ಜೋಡಿ ಯಾರ ಮಾತಾಡಬೇಕು? ಭಾನುವಾರ ಆತಂದ್ರ ಬಿಚ್ಚತಾಳ ಬಿಡು," ಎಂದು ರಿಪೇರಿ ಸಾಮಾನಿನ ಚೀಲ ಹೆಗಲಿಗೇರಿಸಿ ಹೋದ. ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಾನು ಶೆಡ್ಡಿಗೆ ಬಂದಿದ್ದೆ.

ಶರ್ಟು ಹಿಡಿದುಕೊಂಡು ಫ್ರೇಮು ಮಾಡುವ ಮಾಸ್ತರ ಹತ್ತಿರ ಹೋದೆ. ಚಿತ್ರದ ಫಿಲ್ಮನ್ನು ಜಾಳಿಗೆಯ ಮೇಲಿಟ್ಟು ಬೆಳಕು ಬಿಟ್ಟು ಅಚ್ಚು ತಯಾರಿಸುವವರು ಅವರು. ಫಿಲ್ಮು ಮಗುಚಿ ಇಟ್ಟರೆ ಚಿತ್ರವೂ ಮಗುಚುತ್ತದೆ. ಚಿತ್ರದ ಕೆಳಗಿನ ಹೆಸರಿನ ಅಕ್ಷರಗಳಿಗೆ ಬೇರೆ ಫ್ರೇಮು ಇದ್ದದ್ದರಿಂದ ಅಕ್ಷರ ನೆಟ್ಟಗಿದ್ದವು, ಮನುಷ್ಯ ಮಾತ್ರ ಉಲ್ಟಾ ಆಗಿದ್ದ.

"ಮಾಸ್ತರ, ಇದು ಹೆಂಗ ಆತ್ರಿ?"

ಅವರ ಮುಖದಲ್ಲಿ ಸಂಕೋಚವೇ ಇರಲಿಲ್ಲ. ಬದಲಿಗೆ ಖುಷಿಯಾದರು. "ಅದಾ? ಫಿಲ್ಮ್ ಉಲ್ಟಾ ಬಂದಿತ್ರಿ ಅಕ್ಕಾರ. ಕಂಪ್ಯೂಟರ್‌ನಾವ ಲಕ್ಷ್ಯಾನ ಕೊಟ್ಟಿಲ್ಲ. ನಾ ನೋಡಿ ಸುದ್ದ ಮಾಡೀನಿ."

"ಉಲ್ಟಾ ಅಂತ ನಿಮಗ ಯಾರ ಹೇಳಿದ್ರು?"

"ಯಾರ ಹೇಳಬೇಕ್ರಿ? ಎಡಗೈಲೆ ಯಾರರ ವಾದ್ಯ ನುಡಸ್ತಾರೇನು? ಇಷ್ಟ ವರ್ಷ ದೇವರ ಫೋಟೋದ ಫ್ರೇಮ್ ಮಾಡೇನಿ. ಸರಸ್ವತಿ ಎಡಗೈಲೆ ವೀಣಾ ಮೀಟಿದ್ದ ನೋಡೀರೇನು ನೀವು?"

ನನಗೆ ಮೈ ಉರಿಯಿತು. ಅವರು ತಪ್ಪು ಮಾಡಿದ್ದಕ್ಕಲ್ಲ, ಅಷ್ಟು ಪ್ರೀತಿಯಿಂದ ತಪ್ಪು ಮಾಡಿದ್ದಕ್ಕೆ. ಫೋನಿನ ಫೋಟೋ ಅವರ ಮೂಗಿಗೆ ಹಿಡಿದು ಜೇಬು ತೋರಿಸಿದೆ, ಗುಂಡಿ ತೋರಿಸಿದೆ. ಮಾಸ್ತರು ಕನ್ನಡಕ ಏರಿಸಿ, ತಾವು ತೊಟ್ಟಿದ್ದ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡು, ಮತ್ತೆ ಫೋಟೋ ನೋಡಿದರು.

"ಅಂದ್ರ ಅಂವ ಖರೇನ ಎಡಚ?"

"ಹೌದ್ರಿ."

"ಅಯ್ಯ ಶಿವನ," ಎಂದು ಕೂತುಬಿಟ್ಟರು. "ಅಂವಗ ಯಾರೂ ಹೇಳಲಿಲ್ಲಾ?"

ಹೇಳಿರುತ್ತಾರೆ, ಹೇಳದೆ ಬಿಡುವ ಜನ ಯಾವ ದೇಶದಲ್ಲೂ ಇಲ್ಲ ಎಂದುಕೊಂಡೆ. ಅವನ ಕೈಯನ್ನು ಅವನ ಊರಿನವರು ಹೇಗೋ ಉಳಿಸಿದ್ದರು, ನಾವು ಯಡ್ರಾವದವರು ಒಂದೇ ಮಧ್ಯಾಹ್ನದಲ್ಲಿ ತಿದ್ದಿ ಹಾಕಿದ್ದೆವು. ಮಹಾಗಾಂವದಲ್ಲಿ ನನ್ನ ಮಗಳಿಗೂ ಇದನ್ನೇ ಮಾಡುತ್ತಿದ್ದರು. ಅವಳ ಹತ್ತಿರ ಮೂಲ ಫೋಟೋ ಇಟ್ಟುಕೊಂಡು ಜಗಳ ಮಾಡುವವರು ಯಾರೂ ಇರಲಿಲ್ಲ.

ಶೆಡ್ಡಿನ ಮಾಲೀಕರು ಮರಾಠಿಯವರು. ಕೇಳಿ ನಕ್ಕರು. "ಕೋಣ ಬಘತಂಯ, ವಹಿನಿ?" ಯಾರೂ ನೋಡುವುದಿಲ್ಲವಂತೆ. "ನಾ ನೋಡೀನಲ್ಲ," ಅಂದೆ. ನನ್ನ ದನಿ ಅಷ್ಟು ಏರಿದ್ದು ಅಲ್ಲಿ ಯಾರೂ ಕೇಳಿರಲಿಲ್ಲ. ಅಂಗಡಿಯವರಿಗೆ ನಾನೇ ತೋರಿಸುತ್ತೇನೆ, ಅವರು ಒಪ್ಪಿದರೆ ನನ್ನ ತಕರಾರಿಲ್ಲ, ಒಂದು ಸರಿಯಾದ ಶರ್ಟು ಮಾತ್ರ ಮಾಡಿಕೊಡಿ ಎಂದೆ. ಮಾಸ್ತರು ಮರುಮಾತಾಡದೆ ಹೊಸ ಫ್ರೇಮಿಗೆ ಕೂತರು. ಶನಿವಾರ ಬೆಳಿಗ್ಗೆ ಎರಡೂ ಶರ್ಟುಗಳನ್ನು ಚೀಲದಲ್ಲಿಟ್ಟುಕೊಂಡು ಕೊಲ್ಹಾಪುರದ ಬಸ್ಸು ಹತ್ತಿದೆ. ಅಲ್ಲಿಂದ ನೇರ ಮಹಾಗಾಂವಕ್ಕೆ ಹೋಗುವುದೆಂದು ಗಂಡನಿಗೆ ಮೆಸೇಜು ಹಾಕಿದೆ. ಅವನು ಕೈಮುಗಿದ ಚಿತ್ರ ಕಳಿಸಿದ. ಅದು ಬೇಡ ಅಂತಲೋ, ದೇವರು ಕಾಪಾಡಲಿ ಅಂತಲೋ ಕೇಳಲಿಲ್ಲ.

ಅಂಗಡಿ ರಂಕಾಳಾ ಕೆರೆಯ ಹತ್ತಿರ. ಅಂಗಡಿಯವರು ಮೊದಲು ತಪ್ಪು ಶರ್ಟನ್ನು ಬಿಡಿಸಿದರು. ನೋಡುತ್ತ ನಿಂತರು. ಗಿರಾಕಿಯೊಬ್ಬ ಬೆಲೆ ಕೇಳಿದರೆ ಕೈಯಲ್ಲೇ ಸುಮ್ಮನಿರಿಸಿದರು. ಇವರೂ ‘ಇರಲಿ ಬಿಡ್ರಿ’ ಅಂದರೆ ನನ್ನ ಕಡೆ ಮಾತೇ ಉಳಿಯುತ್ತಿರಲಿಲ್ಲ.

"ಇಂವ ಯಾರ್ರಿ?" ಅಂದರು ಕೊನೆಗೆ.

ನಾನು ನಡೆದದ್ದನ್ನೆಲ್ಲ ಹೇಳಿದೆ. ಸರಸ್ವತಿಯ ಮಾತು ಬಂದಾಗ ಅವರಿಗೆ ನಗು ಬಂತು, ಆದರೆ ನಗು ಪೂರ್ತಿ ಆಗಲಿಲ್ಲ.

"ಈ ಮನಷ್ಯಾನ ಬಗ್ಗೆ ಯಾರಿಗೂ ಭಾಳ ಗೊತ್ತಿಲ್ಲ ನೋಡ್ರಿ. ಎಲ್ಲಿ ಹುಟ್ಟಿದಾ, ಹೆಂಗ ಸತ್ತಾ, ಎಲ್ಲಾ ಅಂದಾಜ. ಉಳದದ್ದು ಒಂದು ಫೋಟೋ, ನಾಕ ಹಾಡು. ಆ ಫೋಟೋದಾಗಿನ ಕೈನೂ ನಾವ ಬದಲಿ ಮಾಡಿದ್ರ ಅವಂದ ಅಂತ ಏನ ಉಳೀತು?"

ನನಗೆ ಅಳು ಬಂತು. ಅಂಗಡಿಯ ನಡುವೆ, ಗಿರಾಕಿಗಳ ಎದುರಿಗೆ, ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟೆ. ಒಂದು ಟೀ ಶರ್ಟಿಗಾಗಿ ಇಷ್ಟು ಅಳುವ ಹೆಂಗಸು ಎಂದು ಅವರು ಗಾಬರಿಯಾಗಿ ನೀರು ತರಿಸಿದರು. ತಪ್ಪು ಶರ್ಟುಗಳನ್ನು ಬಣ್ಣ ಒರೆಸುವುದಕ್ಕೆ ಇಟ್ಟುಕೊಳ್ಳಿ, ಹೊಸದಾಗಿ ಅಚ್ಚು ಹಾಕಿ ಕೊಡಿ ಎಂದು ಶೆಡ್ಡಿಗೆ ತಾವೇ ಫೋನು ಮಾಡಿ ಹೇಳಿದರು. ಸರಿಯಾದ ಶರ್ಟನ್ನು ನನಗೇ ಕೊಟ್ಟರು.

ಗಡಹಿಂಗ್ಲಜದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಮಳೆಗಾಲಕ್ಕೆ ಮುಂಚಿನ ಸೆಕೆ. ಅತ್ತೆಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ, ಒಂದೊಂದು ತಿರುವಿಗೂ ಅದು ಚದುರಿಹೋಗುತ್ತಿತ್ತು. ಗಡಹಿಂಗ್ಲಜದ ನಿಲ್ದಾಣದಲ್ಲಿ ದೊಡ್ಡಮಾವ ಸಿಕ್ಕರು. ತೀರಿಹೋದ ನನ್ನ ಮಾವನವರ ಅಣ್ಣ, ಮನೆತನಕ್ಕೆ ಈಗ ಹಿರಿಯರು, ಪೂಜೆ ನಡೆಸುವವರು ಅವರೇ. ಪೇಟೆಯಲ್ಲಿ ಅರಿಸಿನ ಕೊಂಡು ಹೊರಟಿದ್ದರು. ಇಬ್ಬರೂ ಚಂದಗಡದ ಬಸ್ಸು ಹತ್ತಿದೆವು. ಮಹಾಗಾಂವ ಅದೇ ದಾರಿಯ ಮೇಲೆ ಬರುತ್ತದೆ.

"ನಿನ್ನ ಮಗಳು ಶಾಣ್ಯಾಕಿ ಆಗ್ಯಾಳವಾ. ಬಲಗೈಲೆ ಉಣ್ಣಾಕತ್ಯಾಳ," ಅಂದರು ಪ್ರೀತಿಯಿಂದಲೇ.

"ಮಾತು?"

"ಮಾತ ಒಂದೀಟು ಕಡಿಮಿ ಆಗ್ಯಾವ. ಹೆಣಮಗಳು, ಛಲೋನ ಆತಲ್ಲ."

ಬಸ್ಸಿನಲ್ಲಿ ಹಿರಿಯರ ಮೇಲೆ ಹರಿಹಾಯ್ದವಳೆಂದು ಹೆಸರು ಹೊತ್ತು ಆ ಮನೆಯ ಹೊಸ್ತಿಲು ತುಳಿದರೆ ಮಗಳ ಪರ ಮಾತಾಡುವ ಬಾಯಿಯೇ ಇರುವುದಿಲ್ಲ. ಅವರು ಮಡಿಲಲ್ಲಿಟ್ಟುಕೊಂಡಿದ್ದ ಅರಿಸಿನದ ಪೊಟ್ಟಣ ನೋಡುತ್ತ ಕೂತೆ.

ಮಗಳು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಒಂದು ಕೈಯಲ್ಲಿ ಕಾಯಿಯನ್ನು ಕಲ್ಲಿಗೆ ಒತ್ತಿ ಒಡೆಯುವುದು, ಬಗ್ಗಿ ಸಿಪ್ಪೆ ಊದುವುದು. ಇನ್ನೊಂದು ಕೈ ಲಂಗದ ನಡುವಿಗೆ ಹಳೆಯ ಸೀರೆಯ ಪಟ್ಟಿಯಿಂದ ಕಟ್ಟಿತ್ತು. ನನ್ನನ್ನು ಕಂಡು ಎದ್ದು ಓಡಿಬರಲಿಲ್ಲ. ನಕ್ಕಳು, ಬಾಯಿ ತೆರೆದಳು, ಅಕ್ಷರ ಬರದೆ ಮತ್ತೆ ಮುಚ್ಚಿಕೊಂಡಳು. ನಾನು ಹೋಗಿ ಅವಳನ್ನು ತಬ್ಬಿಕೊಂಡೆ. ಕಟ್ಟಿದ ಕೈ ನಮ್ಮಿಬ್ಬರ ನಡುವೆ ಸಿಕ್ಕಿಕೊಂಡಿತು.

"ಬಿಚ್ಚಬ್ಯಾಡ," ಅಂದರು ಅತ್ತೆ ಬಾಗಿಲಿನಿಂದ. "ನಾ ಏನ ವೈರಿ ಅಲ್ಲ. ಮೆತ್ತಗ ಕಟ್ಟೀನಿ. ಮಲಗೂ ಮುಂದ ಬಿಚ್ಚತೇನಿ, ಎಣ್ಣಿ ಹಚ್ಚತೇನಿ."

"ಆಕಿ ಮಾತ ಹೋಗ್ಯಾವ್ರಿ ಅತ್ತಿ. ಕಿವಿಗೆ ಬಿದ್ದಿಲ್ಲೇನು ನಿಮಗ?"

"ಬರ್ತಾವ. ಹೊಸಾ ರೂಢಿ, ಒಂದೀಟು ತಡವರಸ್ತದ."

ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. ಚೀಲದಿಂದ ಶರ್ಟು ತೆಗೆದು ಅತ್ತೆಯ ಮುಂದೆ ಹಾಸಿದೆ. ಇವನು ದೊಡ್ಡ ಹಾಡುಗಾರ, ಎಡಗೈಯಲ್ಲೇ ನುಡಿಸಿದ, ಸತ್ತು ಎಷ್ಟೋ ವರ್ಷವಾದ ಮೇಲೂ ಜನ ಇವನನ್ನು ಎದೆಯ ಮೇಲೆ ಹಾಕಿಕೊಳ್ಳುತ್ತಾರೆ ಎಂದು ಹೇಳಿದೆ. ಅತ್ತೆ ಬಗ್ಗಿ ನಿಧಾನವಾಗಿ ನೋಡಿದರು.

"ಕ್ವಾಟು ಇವನ್ದಲ್ಲ," ಅಂದರು. ನನಗೆ ಅಂಥ ಹೊತ್ತಿನಲ್ಲೂ ಬೆರಗಾಯಿತು. "ಗಂಡಸು. ಹೆಂಗ ಬೇಕ ಹಂಗ ಬಾರಸ್ಲಿ. ಪಂಕ್ತಿಗೆ ಅನ್ನ ನೀಡೂದು ಅವಗೇನೈತಿ? ನನ್ನ ತಂಗಿ ಬೀಗರ ಪಂಕ್ತ್ಯಾಗ ಮರತು ಎಡಗೈಲೆ ನೀಡಿದ್ಲು. ಉಣ್ಣೂ ಮಂದಿ ಎದ್ದ ಹ್ವಾದ್ರು. ಆಕೀನ ತಿರುಗಿ ಕಳಸಿದ್ರು. ನಮ್ಮಪ್ಪನ ಮನ್ಯಾಗ ಮುದುಕಿ ಆಗಿ ಸತ್ಲು. ನಾ ಕಟ್ಟಿದ್ದ ನಿನಗ ಕಾಣಸ್ತದ. ನಾ ರಾತ್ರಿ ಬಿಚ್ಚತೇನಿ. ನಾಳೆ ಗಂಡನ ಮನ್ಯಾಗ ಕಟ್ಟೂ ಮಂದಿ ಬಿಚ್ಚೂದಿಲ್ಲ."

ಅತ್ತೆಯ ತಂಗಿಯ ಕಥೆ ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಸುಳ್ಳು ಹೇಳುವ ಹೆಂಗಸಲ್ಲ ಅವರು. ಮಗಳು ಆ ಹೊತ್ತಿಗೆ ಶರ್ಟಿನ ಹತ್ತಿರ ಸರಿದು, ಬಲಗೈ ಬೆರಳಿನಿಂದ ಅವನ ಎಡಗೈ ಮುಟ್ಟಿ ನೋಡುತ್ತಿದ್ದಳು.

"ಇ... ಇ... ಇವನ ಅಜ್ಜಿ ಎಲ್ಲಿ ಹೋಗಿದ್ಲು?" ಅಂದಳು.

ಅತ್ತೆ ಎದ್ದು ಒಳಗೆ ಹೋಗಿ ಒಲೆ ಊದತೊಡಗಿದರು, ಒಲೆ ಆಗಲೇ ಉರಿಯುತ್ತಿತ್ತು. ಆ ರಾತ್ರಿ ಅವರೇ ಕೈ ಬಿಚ್ಚಿ ಎಣ್ಣೆ ಹಚ್ಚಿದರು, ಬೆಳಿಗ್ಗೆ ಅವರೇ ಮತ್ತೆ ಕಟ್ಟಿದರು. ನಾನು ನೀರು ತರಲು ಹೋಗಿದ್ದಾಗ ಕಟ್ಟಿದ್ದು.

ಎಲ್ಲರೂ ಹಟ್ಟಿಗೆ ಹೋದೆವು. ಕುರಿಗಳು ಆಗಷ್ಟೇ ಉಣ್ಣೆ ಕಳಚಿಕೊಂಡು ಬೋಳು ಮೈಯಲ್ಲಿ ಒಂದಕ್ಕೊಂದು ಒತ್ತಿ ನಿಂತಿದ್ದವು. ಕಂಬಳಿ ಹಾಸಿ ದೇವರನ್ನಿಟ್ಟಿದ್ದರು. ಮನೆತನದ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನಡುವೆ ಹೊಸ ಲಂಗ ತೊಟ್ಟ ನನ್ನ ಮಗಳು, ಅವಳ ಮುಂದೆ ಅರಿಸಿನದ ಬುಟ್ಟಿ. ದೊಡ್ಡಮಾವ ಕಾಯಿ ಒಡೆದು, "ಹಾರಸವಾ," ಅಂದರು.

ನಾನು ನಡುವೆ ಹೋಗಿ ಮಗಳ ಮುಂದೆ ಕೂತು ಕಟ್ಟು ಬಿಚ್ಚಿದೆ. ಗಂಟು ಸಣ್ಣದಾಗಿತ್ತು, ಬೆವರಿಗೆ ಬಿಗಿದಿತ್ತು, ಬೇಗ ಬರಲಿಲ್ಲ. ಹಿಂದಿನಿಂದ ಯಾರೋ "ಏ ಏನ ಮಾಡಾಕತ್ತಾಳ ಈಕಿ?" ಅಂದರು.

"ಕೈ ಕಟ್ಟಿ ಹಾರಸೂದಾದ್ರ ನನ್ನ ಮಗಳು ಹಾರಸೂದಿಲ್ಲ," ಎಂದೆ. ದನಿ ಒಡೆದು ಬಂತು. "ಆಕೀನ ಈಗಿಂದೀಗ ಕರಕೊಂಡ ಹೋಗ್ತೇನಿ. ಬ್ಯಾರೆ ಹುಡುಗೀನ ನಿಂದರಸ್ರಿ."

ದೊಡ್ಡಮಾವನ ಮುಖ ಕೆಂಪಾಯಿತು. ಪೂಜೆಯ ನಡುವೆ ಮಗಳನ್ನು ಕರೆದುಕೊಂಡು ಹೋದರೆ ಆ ಮನೆಯ ಬಾಗಿಲು ನನಗೆ ಮುಚ್ಚಿದ ಹಾಗೆ, ನನಗೆ ಗೊತ್ತಿತ್ತು. ಗಂಡನಿಗೂ ಮುಚ್ಚಿದ ಹಾಗೆಯೇ. ಆದರೂ ಮಗಳ ಹೆಗಲು ಹಿಡಿದು ಎದ್ದೆ.

ಮಗಳು ನನ್ನ ಜೊತೆ ಬರಲಿಲ್ಲ. ನೆಲಕ್ಕೆ ಕಾಲೂರಿ ನಿಂತಳು. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. ನಾನು ಅಂದುಕೊಂಡ ಕಾರಣಕ್ಕಲ್ಲ. ಹಾರಿಸುವುದು ಅವಳಿಗೆ ಬೇಕಾಗಿತ್ತು. ತನ್ನ ಪಾಳಿ ಬರುವುದನ್ನು ವರ್ಷವಿಡೀ ಕಾದಿದ್ದಳು. ಬಿಚ್ಚಿದ ಎಡಗೈಯನ್ನು, ಬಟ್ಟೆಯ ಗುರುತು ಮೂಡಿದ ಮಣಿಕಟ್ಟನ್ನು, ಅವಳೇ ನನ್ನ ಮುಂದೆ ಚಾಚಿದಳು.

"ಕ... ಕ... ಕಟ್ಟವ್ವಾ. ಇಲ್ಲಾಂದ್ರ ಅದ ಮುಂದ ಬರ್ತದ."

ನನ್ನ ಕೈಯಲ್ಲಿ ಬಟ್ಟೆಯ ಪಟ್ಟಿ ಹಾಗೇ ಇತ್ತು. ಕಟ್ಟಲಾರೆ, ಕಟ್ಟುವುದಿಲ್ಲ ಅನ್ನಲೂ ಆರೆ. ಅವಳ ಕೈ ಗಾಳಿಯಲ್ಲಿ ನನಗಾಗಿ ಕಾಯುತ್ತಿತ್ತು. ಜನ ನೋಡುತ್ತಿದ್ದರು. ಅತ್ತೆ ಹೆಂಗಸರ ಸಾಲಿನಿಂದ ಹೊರಗೆ ಬಂದು ನನ್ನ ಕೈಯಿಂದ ಪಟ್ಟಿ ಕಸಿದುಕೊಂಡರು. ಮುಗಿಯಿತು, ಇವರು ಕಟ್ಟಿಯೇ ಬಿಡುತ್ತಾರೆ ಎಂದುಕೊಂಡೆ. ಮೊಮ್ಮಗಳ ಎಡಗೈ ಹಿಡಿದರು. ಪಟ್ಟಿಯಿಂದ ಅವಳ ಅಂಗೈ ಬೆವರನ್ನು ಒರೆಸಿದರು, ಬೆರಳ ಸಂದಿಗಳನ್ನೂ ಒರೆಸಿದರು. ಬುಟ್ಟಿಗೆ ಕೈ ಹಾಕಿ ಅರಿಸಿನ ತುಂಬಿಕೊಂಡು ಆ ಅಂಗೈಗೆ ಸುರಿದು, ಬೆರಳು ಮಡಿಚಿದರು.

"ಹಾರಸು," ಅಂದರು. "ಏನ ಬಂದ್ರೂ ನನ್ನ ತಲೀ ಮ್ಯಾಲ ಬರ್ಲಿ."

"ಇದೇನ ಹುಚ್ಚ ಹಿಡದದ?" ದೊಡ್ಡಮಾವ ಮುಂದೆ ಬಂದರು.

"ನೀವ ಸುಮ್ನ ನಿಂದರ್ರಿ," ಅಂದರು ಅತ್ತೆ. ಭಾವನ ಎದುರು ಸೆರಗು ತಲೆಯಿಂದ ಜಾರಗೊಡದವರು, ಅವರೊಡನೆ ನೇರ ಮಾತಾಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ದೊಡ್ಡಮಾವ ನಿಂತಲ್ಲೇ ನಿಂತರು.

ಮಗಳು ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೈ ಹಿಂದಕ್ಕೆ ಎಳೆದು ಬೀಸಿದಳು. ಕಲ್ಲು ಎಸೆದು ಪಳಗಿದ ಕೈ ಅದು. ಅರಿಸಿನ ಎತ್ತರಕ್ಕೆ ಹೋಗಿ ಹಿಂದಿನ ಸಾಲಿನ ಕುರಿಗಳವರೆಗೆ ಹರಡಿ ಇಳಿಯಿತು. ಬೋಳು ಬೆನ್ನುಗಳೆಲ್ಲ ಹಳದಿಯಾದವು.

ಈಗ ಗಂಡಸರು ಕೂಗಬೇಕಿತ್ತು. ಎಲ್ಲರೂ ದೊಡ್ಡಮಾವನ ಕಡೆ ನೋಡಿದರು. ಅವರು ಬಾಯಿ ಬಿಡಲಿಲ್ಲ. ಒಂದು ಕುರಿ ಮೈ ಕೊಡವಿಕೊಂಡಿತು. ಆ ಮೌನದಲ್ಲಿ ಅತ್ತೆ ಒಬ್ಬರೇ "ಚಾಂಗಭಲಂ" ಎಂದು ಕೂಗಿದರು. ಹೆಂಗಸರು ಕೂಗುವ ಮಾತಲ್ಲ ಅದು. ಅವರ ದನಿ ನಡುವೆಯೇ ಸೀಳಿತು. ಯಾರೂ ಓಗೊಡಲಿಲ್ಲ.

"ಚಾ..." ಅಂದಳು ಮಗಳು. ಅಕ್ಷರ ಸಿಕ್ಕಿಕೊಂಡಿತು. "ಚಾ... ಚಾ..." ಕತ್ತಿನ ನರ ಉಬ್ಬಿತು. ನಾನು ಹೇಳಿಕೊಡಲು ಹೋದೆ, ಅತ್ತೆ ನನ್ನ ಕೈ ಹಿಡಿದು ತಡೆದರು. ದೊಡ್ಡಮಾವನ ತುಟಿ ಅವಳ ಜೊತೆಗೇ ಅಲುಗುತ್ತಿತ್ತು. ಯಾರೂ ಪೂರ್ತಿ ಮಾಡಿಕೊಡಲಿಲ್ಲ. ಗಂಡಸರು, ಹೆಂಗಸರು, ಅಷ್ಟೂ ಜನ ಆ ಒಂದು ಮಾತಿಗಾಗಿ ಕಾದು ನಿಂತೆವು. ಅವಳು ಉಸಿರು ಎಳೆದುಕೊಂಡು ಮತ್ತೆ ಮೊದಲಿನಿಂದ ಹಿಡಿದು, ಕೊನೆಯವರೆಗೆ ಹೇಳಿ ಮುಗಿಸಿದಳು. ದೊಡ್ಡಮಾವ ಟೊಪ್ಪಿಗೆ ತೆಗೆದು, ಅವಳಿಗಿಂತ ಸಣ್ಣ ದನಿಯಲ್ಲಿ, ಅದನ್ನೇ ಹೇಳಿದರು.